ದೇವರ ನಂಬಿಕೆ ಮೆದುಳಿನ ದೋಷವಲ್ಲ, ಮಾಮೂಲಿ ಕೆಲಸ

ಮಾನ್ಯ ಸಂಪಾದಕರೇ,

ಹೋದ ಭಾನುವಾರ ನಿಮ್ಮ ವಿಜ್ಞಾನ ಪುಟದಲ್ಲಿ ಬಂದ ಬರಹದ ಬಗ್ಗೆ ಈ ಪತ್ರ. ದೇವರು, ದೆವ್ವ, ಪವಾಡಗಳ ನಂಬಿಕೆ ಮನುಷ್ಯನ ಮನಸ್ಸಿನಲ್ಲಿ ಹುಟ್ಟುವುದು ಹೇಗೆ ಎಂದು ಕೆಲವು ಮಾನವಶಾಸ್ತ್ರಜ್ಞರು ಹುಡುಕುತ್ತಿದ್ದಾರೆ ಎಂಬ ಬರಹ. ವಿಷಯ ಚೆನ್ನಾಗಿತ್ತು. ಆದರೆ ಮೇಲೆ ದಪ್ಪ ಅಕ್ಷರದಲ್ಲಿ ‘ದೇವರ ನಂಬಿಕೆ ಮೆದುಳಿನ ದೋಷ’ ಅಂತ ಶೀರ್ಷಿಕೆ ಹಾಕಿಬಿಟ್ಟಿರಿ. ಆಮೇಲೆ ಆಗಿದ್ದು ನಿಮಗೇ ಗೊತ್ತಿದೆ. ಓದುಗರ ಪತ್ರಗಳಲ್ಲಿ ಅರ್ಧ ಜನ ‘ನಾವು ಮೊದಲೇ ಹೇಳಿರಲಿಲ್ವಾ’ ಅಂದರು, ಇನ್ನರ್ಧ ಜನ ‘ಇದು ಹೊರಗಿನವರ ಪಿತೂರಿ’ ಅಂದರು. ಆ ಮಾನವಶಾಸ್ತ್ರಜ್ಞರು ನಿಜವಾಗಿ ಏನು ಹೇಳಿದ್ದಾರೆ ಅನ್ನುವುದು ಇಬ್ಬರಿಗೂ ಬೇಕಾಗಿರಲಿಲ್ಲ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದವನು. ಪೂಜೆ ಮಾಡುವುದಿಲ್ಲ, ಪ್ರಸಾದ ಬಿಡುವುದಿಲ್ಲ. ಹಾಗಾಗಿ ಯಾವ ಪಕ್ಷದ ವಕಾಲತ್ತೂ ಇದಲ್ಲ. ನನ್ನ ತಕರಾರು ಆ ‘ದೋಷ’ದ ಬಗ್ಗೆ ಮಾತ್ರ. ಈ ವಿಷಯದಲ್ಲಿ ದಶಕಗಳಿಂದ ಕೆಲಸ ಮಾಡಿದವರು ಹೇಳುತ್ತಿರುವುದು ಹೆಚ್ಚುಕಮ್ಮಿ ಅದರ ಉಲ್ಟಾ. ನಂಬಿಕೆಗೆ ಅಂತ ತಲೆಯಲ್ಲಿ ಬೇರೆ ಯಂತ್ರ ಇಲ್ಲ. ಎದುರಿಗೆ ಬಂದವರ ಮುಖ ಗುರುತಿಸಲು, ಅವರ ಮನಸ್ಸಿನಲ್ಲಿ ಏನಿದೆ ಎಂದು ಊಹಿಸಲು, ಯಾರು ಕೊಟ್ಟರು ಯಾರು ಕೈಕೊಟ್ಟರು ಎಂದು ನೆನಪಿಡಲು ದಿನಾ ಯಾವ ಬುದ್ಧಿ ಬಳಸುತ್ತೇವೋ, ದೇವರ ವಿಷಯಕ್ಕೂ ಅದನ್ನೇ ಬಳಸುತ್ತೇವೆ. ಆಸ್ತಿಕರೂ ಅದನ್ನೇ ಬಳಸುತ್ತಾರೆ, ನಾಸ್ತಿಕರೂ ಅದನ್ನೇ.

ಮೆದುಳಿನಲ್ಲಿ ದೇವರಿಗೆ ಒಂದು ಜಾಗ ಇದೆ ಅನ್ನುವ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಕೆನಡಾದ ಮೈಕೆಲ್ ಪರ್ಸಿಂಗರ್ ಒಂದು ಹೆಲ್ಮೆಟ್ ಮಾಡಿದ್ದರು. ಅದನ್ನು ಹಾಕಿಕೊಂಡು ತಲೆಗೆ ಸಣ್ಣ ಕಾಂತಕ್ಷೇತ್ರ ಹಾಯಿಸಿದರೆ ಪಕ್ಕದಲ್ಲಿ ಯಾರೋ ಇದ್ದಾರೆ ಅನ್ನಿಸುತ್ತದೆ ಅಂತ ದೊಡ್ಡ ಸುದ್ದಿಯಾಯಿತು. ಸ್ವೀಡನ್ನಿನ ಪೆಯರ್ ಗ್ರಾಂಕ್ವಿಸ್ಟ್ ಮತ್ತು ಜೊತೆಗಾರರು ಅದನ್ನೇ ಮತ್ತೆ ಮಾಡಿ ನೋಡಿದರು. ಈ ಸಲ ಯಂತ್ರ ಆನ್ ಆಗಿದೆಯೋ ಆಫ್ ಆಗಿದೆಯೋ ಎಂದು ಕೂತವರಿಗೂ ಗೊತ್ತಿರಲಿಲ್ಲ, ಪರೀಕ್ಷೆ ಮಾಡುವವರಿಗೂ ಗೊತ್ತಿರಲಿಲ್ಲ. ಕಾಂತಕ್ಷೇತ್ರದಿಂದ ಏನೂ ವ್ಯತ್ಯಾಸ ಆಗಲಿಲ್ಲ. ಬೇರೆಯವರು ಹೇಳಿದ್ದು ಬೇಗ ಮನಸ್ಸಿಗೆ ಹತ್ತುವ ಸ್ವಭಾವದವರಿಗೆ ಏನೇನೋ ಅನುಭವ ಆಯಿತು, ಉಳಿದವರಿಗೆ ಇಲ್ಲ. 2005ರಲ್ಲಿ ಇದು ಪ್ರಕಟವಾಯಿತು. ಹೆಲ್ಮೆಟ್ಟಿನ ಸುದ್ದಿ ಮಾತ್ರ ಇವತ್ತಿಗೂ ವಾಟ್ಸಾಪಿನಲ್ಲಿ ಓಡಾಡಿಕೊಂಡಿದೆ.

ಇನ್ನು ಮಾನವಶಾಸ್ತ್ರದ ಕಡೆಗೆ ಬರುತ್ತೇನೆ. ಈ ದಾರಿಯಲ್ಲಿ ಮೊದಲಿಗರಲ್ಲಿ ಒಬ್ಬರು ಅಮೆರಿಕದ ಸ್ಟುವರ್ಟ್ ಗಥ್ರಿ. 1980ರಲ್ಲೇ ಅವರು ಹೇಳಿದ್ದು ಇಷ್ಟು: ಮನುಷ್ಯ ಎಲ್ಲ ಕಡೆ ಮನುಷ್ಯರನ್ನೇ ಕಾಣುತ್ತಾನೆ. ಮೋಡದಲ್ಲಿ ಮುಖ ಕಾಣುತ್ತದೆ, ಕತ್ತಲಲ್ಲಿ ಬಟ್ಟೆ ತೂಗುತ್ತಿದ್ದರೆ ಯಾರೋ ನಿಂತ ಹಾಗೆ ಕಾಣುತ್ತದೆ. ಹಾಗೆ ಕಾಣುವುದರಲ್ಲಿ ಲಾಭವಿದೆ. ಪೊದೆ ಅಲ್ಲಾಡಿದಾಗ ಗಾಳಿ ಇರಬೇಕು ಅಂದುಕೊಂಡು ಅಲ್ಲಿ ನಿಜಕ್ಕೂ ಚಿರತೆ ಇದ್ದರೆ ಪ್ರಾಣ ಹೋಗುತ್ತದೆ. ಚಿರತೆ ಅಂದುಕೊಂಡು ಓಡಿ, ಅದು ಬರೀ ಗಾಳಿಯಾಗಿದ್ದರೆ ಸ್ವಲ್ಪ ಏದುಸಿರು ಬರುತ್ತದೆ, ಅಷ್ಟೇ. ಹಾಗಾಗಿ ಮನಸ್ಸು ‘ಯಾರೋ ಇದ್ದಾರೆ’ ಅನ್ನುವ ಕಡೆಗೇ ವಾಲುತ್ತದೆ. ಇದನ್ನು ದೋಷ ಅಂತ ಹೇಗೆ ಹೇಳುವುದು? ನಮ್ಮ ಹಿರಿಯರು ಬದುಕಿ ಉಳಿದಿದ್ದರಲ್ಲಿ ಇದರ ಪಾಲೂ ಇದೆ ಅನ್ನುವುದು ಗಥ್ರಿಯವರ ವಾದ.

ಆದರೆ ‘ಯಾರೋ ಇದ್ದಾರೆ’ ಅನ್ನಿಸುವುದಕ್ಕೂ ಮಾರಮ್ಮನಿಗೆ ವರ್ಷಾ ವರ್ಷಾ ಹಬ್ಬ ಮಾಡುವುದಕ್ಕೂ ಬಹಳ ದೂರ ಇದೆ. ಆ ದೂರವನ್ನು ಬಹಳ ಮಟ್ಟಿಗೆ ಕ್ರಮಿಸಿದವರು ಪ್ಯಾಸ್ಕಲ್ ಬೊಯೇ. ಫ್ರಾನ್ಸಿನವರು, ಈಗ ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು. ಆಫ್ರಿಕಾದ ಕ್ಯಾಮರೂನಿನಲ್ಲಿ ಫ್ಯಾಂಗ್ ಜನರ ನಡುವೆ ಇದ್ದು ಕೆಲಸ ಮಾಡಿದರು. ಮಾಟಗಾರರ ದೇಹದಲ್ಲಿ ‘ಎವುರ್’ ಅಂತ ಒಂದು ಜಾಸ್ತಿ ಅಂಗ ಇರುತ್ತದೆ, ರಾತ್ರಿ ಅದು ಹಾರಿಹೋಗಿ ಬೇರೆಯವರ ಬೆಳೆ ಹಾಳು ಮಾಡುತ್ತದೆ, ರಕ್ತಕ್ಕೆ ವಿಷ ಹಾಕುತ್ತದೆ ಅಂತ ಫ್ಯಾಂಗ್ ಜನ ಹೇಳುತ್ತಾರೆ. ಮಾಟಗಾರರು ಬಾಳೆ ಎಲೆಯ ಮೇಲೆ ಕೂತು ಊರಿನ ಮೇಲೆ ಹಾರಿದ್ದನ್ನು ಕಂಡವರಿದ್ದಾರಾ ಎಂದು ಕೇಳಿದರೆ, ಕಂಡವರು ಯಾವಾಗಲೂ ಗೆಳೆಯನ ಗೆಳೆಯ. (ನಮ್ಮ ಕಡೆ ಕೊಳ್ಳಿದೆವ್ವ ಕಂಡವರೂ ಹಾಗೇ ಅಲ್ವಾ? ಯಾವಾಗಲೂ ಚಿಕ್ಕಪ್ಪನ ಸ್ನೇಹಿತರು.)

ಒಂದು ಸಲ ಕೇಂಬ್ರಿಡ್ಜಿನ ಕಾಲೇಜೊಂದರಲ್ಲಿ ರಾತ್ರಿ ಊಟದ ಹೊತ್ತಿಗೆ ಬೊಯೇ ಈ ಕಥೆ ಹೇಳಿದರು. ಅಲ್ಲಿದ್ದ ಹೆಸರಾಂತ ಕ್ಯಾಥೊಲಿಕ್ ಧರ್ಮಪಂಡಿತರೊಬ್ಬರು, ನಿಮ್ಮ ಮಾನವಶಾಸ್ತ್ರ ಸ್ವಾರಸ್ಯವೂ ಹೌದು ಕಷ್ಟವೂ ಹೌದು, ಇಂಥ ಅಸಂಬದ್ಧವನ್ನೆಲ್ಲ ಜನ ಹೇಗೆ ನಂಬುತ್ತಾರೆ ಅಂತ ನೀವು ವಿವರಿಸಬೇಕಲ್ಲ ಎಂದರಂತೆ. ಬೊಯೇಗೆ ಮಾತೇ ಹೊರಡಲಿಲ್ಲ. ಆಮೇಲೆ ಬರೆಯುತ್ತಾರೆ: ಕ್ರೈಸ್ತರ ದೇವರು ಮೂರು ಜನ ಸೇರಿ ಒಬ್ಬರೇ, ಆದರೂ ಮೂರು ಜನ ಅಂತ ಮೊದಲ ಸಲ ಕೇಳಿದಾಗ ಫ್ಯಾಂಗ್ ಜನರಿಗೂ ಅಷ್ಟೇ ಆಶ್ಚರ್ಯವಾಗಿತ್ತು, ಪ್ರಪಂಚದ ಕಷ್ಟಕ್ಕೆಲ್ಲ ಹಿಂದೆ ಇಬ್ಬರು ತೋಟದಲ್ಲಿ ಹಣ್ಣು ತಿಂದದ್ದೇ ಕಾರಣ ಅಂದಾಗಲೂ ಅಷ್ಟೇ. ನಿಮ್ಮ ಪತ್ರಿಕೆಯಲ್ಲಿ ಹೋದ ವಾರ ಪತ್ರ ಬರೆದ ಎರಡೂ ಕಡೆಯವರಿಗೆ ಈ ಊಟದ ಕಥೆ ಓದಿ ಹೇಳಬೇಕು ಅನ್ನಿಸಿತು.

ಧರ್ಮ ಯಾಕಿದೆ ಎಂದರೆ ನಮ್ಮೆಲ್ಲರ ಹತ್ತಿರ ರೆಡಿ ಉತ್ತರಗಳಿವೆ. ಸಾವಿನ ಭಯ ಕಳೆಯಲು, ಧೈರ್ಯಕ್ಕೆ, ಜನರನ್ನು ಹದ್ದುಬಸ್ತಿನಲ್ಲಿಡಲು, ಗೊತ್ತಿಲ್ಲದ್ದಕ್ಕೆ ಕಾರಣ ಹೇಳಲು. ನಾನೂ ಕ್ಲಾಸಿನಲ್ಲಿ ಇವನ್ನೇ ಹೇಳುತ್ತಿದ್ದೆ. ಬೊಯೇ ಒಂದೊಂದನ್ನೂ ತೆಗೆದುಕೊಂಡು ಇದು ಸಾಲದು ಅನ್ನುತ್ತಾರೆ. ಧೈರ್ಯಕ್ಕೇ ಆಗಿದ್ದರೆ ಮಾಟಗಾರರನ್ನು ಯಾಕೆ ಕಲ್ಪಿಸಿಕೊಳ್ಳಬೇಕು? ಮಾಟದ ನಂಬಿಕೆ ಇರುವ ಊರಿನಲ್ಲಿ ಭಯ ಜಾಸ್ತಿಯೇ ಹೊರತು ಕಡಿಮೆಯಲ್ಲ. ನಮ್ಮಲ್ಲೂ ಹರಕೆ ತೀರಿಸದಿದ್ದರೆ ಏನಾಗುತ್ತದೋ ಎಂಬ ಅಂಜಿಕೆ ಎಷ್ಟು ಮನೆಗಳಲ್ಲಿಲ್ಲ? ದೇವರು ಬಂದ ಮೇಲೆ ಅದೂ ಒಂದು ಚಿಂತೆ ಸೇರಿಕೊಂಡಿತು.

ಹಾಗಾದರೆ ಅವರ ಉತ್ತರವೇನು? ಎಂಥ ಕಲ್ಪನೆ ಬೇಕಾದರೂ ದೇವರಾಗುವುದಿಲ್ಲ ಅನ್ನುವುದರಿಂದ ಶುರು ಮಾಡುತ್ತಾರೆ. ಬುಧವಾರ ಮಾತ್ರ ಇರುವ ಸರ್ವಶಕ್ತ ದೇವರು ಅಂತ ಒಂದು ಕಲ್ಪಿಸಿಕೊಳ್ಳಿ. ಉಳಿದ ಆರು ದಿನ ಅವನು ಇಲ್ಲವೇ ಇಲ್ಲ. ವಿಚಿತ್ರವಂತೂ ಹೌದು, ಆದರೆ ಯಾವ ಊರಿನಲ್ಲೂ ಇಂಥವನಿಗೆ ಗುಡಿ ಕಟ್ಟುವುದಿಲ್ಲ. ಜನ ಆಡಿದ ಮಾತನ್ನು ಕೇಳಿಸಿಕೊಂಡು ನೆನಪಿಟ್ಟುಕೊಳ್ಳುವ ಮರ ಅಂದರೆ? ಸುಡಾನಿನ ಉಡುಕ್ ಜನ ಎಬೊನಿ ಮರದ ಬಗ್ಗೆ ನಿಜವಾಗಿ ಹಾಗೆ ಹೇಳುತ್ತಾರೆ. ಅದು ಥಟ್ಟನೆ ತಲೆಗೆ ಹತ್ತುತ್ತದೆ. ಯಾಕೆಂದರೆ ಮರ ಎಲ್ಲ ರೀತಿಯಲ್ಲೂ ಮರವೇ, ಒಂದು ಕಡೆ ಮಾತ್ರ ಲೆಕ್ಕ ತಪ್ಪಿದೆ. ಕಿವಿ ಇಲ್ಲದ್ದಕ್ಕೆ ಕಿವಿ ಬಂದಿದೆ. ನಮ್ಮ ಅರಳಿಕಟ್ಟೆಗಳ ಮರಗಳು ಹಾಗೆ ಕೇಳಿಸಿಕೊಳ್ಳುವಂತಿದ್ದರೆ ಎಷ್ಟು ಸಂಸಾರ ಒಡೆಯುತ್ತಿತ್ತೋ.

ಬೊಯೇ ಮತ್ತು ಚಾರ್ಲ್ಸ್ ರಾಂಬಲ್ ಇದನ್ನು ಸುಮ್ನೆ ಹೇಳಿ ಬಿಡಲಿಲ್ಲ. ಫ್ರಾನ್ಸಿನಲ್ಲಿ, ಆಫ್ರಿಕಾದ ಗಬಾನಿನಲ್ಲಿ, ನೇಪಾಳದ ಟಿಬೆಟನ್ ಭಿಕ್ಷುಗಳಲ್ಲಿ ಜನರಿಗೆ ಕಥೆ ಕೊಟ್ಟು, ಆಮೇಲೆ ಏನು ನೆನಪಿದೆ ಅಂತ ಕೇಳಿದರು. ಮಾಮೂಲಿ ವಿಷಯಕ್ಕಿಂತ, ಹೀಗೆ ಒಂದು ಕಡೆ ಲೆಕ್ಕ ತಪ್ಪಿದ ವಿಷಯ ಜಾಸ್ತಿ ನೆನಪಿತ್ತು. ಮೂರೂ ಕಡೆ. 2001ರಲ್ಲಿ ಪ್ರಕಟವಾದ ಪ್ರಯೋಗ. ಬಾಯಿಂದ ಬಾಯಿಗೆ ಹೋಗುವ ಕಥೆಯಲ್ಲಿ ಯಾವುದು ಉಳಿಯುತ್ತದೆ, ಯಾವುದು ಬಿದ್ದುಹೋಗುತ್ತದೆ ಅನ್ನುವುದಕ್ಕೆ ಇದರಲ್ಲಿ ಒಂದು ಸುಳಿವಿದೆ. ಮಲೆ ಮಾದಪ್ಪ ಹುಲಿ ಏರಿ ಬರುತ್ತಾನೆ. ಆದರೆ ಉಳಿದದ್ದರಲ್ಲಿ ಮನುಷ್ಯರ ಹಾಗೇ: ಸಿಟ್ಟು ಮಾಡಿಕೊಳ್ಳುತ್ತಾನೆ, ಮರುಗುತ್ತಾನೆ, ಕೊಟ್ಟ ಮಾತು ತಪ್ಪಿದವರನ್ನು ಮರೆಯುವುದಿಲ್ಲ. ಕಂಸಾಳೆಯವರು ಇಡೀ ರಾತ್ರಿ ಹಾಡಿದರೂ ಜನ ಎದ್ದು ಹೋಗದಿರುವುದಕ್ಕೆ ಹಾಡುವ ಕಲೆ ಒಂದು ಕಾರಣವಾದರೆ, ಇದು ಇನ್ನೊಂದು ಅಂತ ನನ್ನ ಊಹೆ.

ನನಗೆ ತುಂಬ ಹಿಡಿಸಿದ್ದು ಇದರ ಮುಂದಿನ ಮಾತು. ದೇವರಿಗೆ ಎಲ್ಲ ಗೊತ್ತು ಅನ್ನುತ್ತೇವೆ. ಆದರೆ ಪ್ರಪಂಚದ ಎಲ್ಲ ಫ್ರಿಜ್ಜುಗಳಲ್ಲಿ ಏನೇನಿದೆ ಅಂತ ದೇವರಿಗೆ ಗೊತ್ತು ಎಂದರೆ ನಗು ಬರುತ್ತದೆ. ನೀನು ಸುಳ್ಳು ಹೇಳುತ್ತಿದ್ದೀಯ ಅಂತ ದೇವರಿಗೆ ಗೊತ್ತು ಎಂದರೆ ಯಾರೂ ನಗುವುದಿಲ್ಲ. ಸಿದ್ಧಾಂತದ ಪ್ರಕಾರ ಎರಡೂ ಒಂದೇ. ಮನಸ್ಸಿಗೆ ಒಂದೇ ಅಲ್ಲ. ಬೆಂಜಮಿನ್ ಪರ್ಜಿಕಿ ಮತ್ತು ಜೊತೆಗಾರರು 2012ರಲ್ಲಿ ಅಮೆರಿಕದ ವಿದ್ಯಾರ್ಥಿಗಳ ಉತ್ತರಗಳನ್ನು ಗಡಿಯಾರ ಇಟ್ಟು ಅಳೆದರು. ಇಂಥವನು ಮೋಸ ಮಾಡಿದ್ದು ದೇವರಿಗೆ ಗೊತ್ತಾ ಎಂಬ ಥರದ ಪ್ರಶ್ನೆಗೆ ಥಟ್ಟನೆ ಹೌದು ಬರುತ್ತದೆ. ಕೆಲಸಕ್ಕೆ ಬಾರದ ವಿವರ ಗೊತ್ತಾ ಎಂದರೆ ಒಂದು ಕ್ಷಣ ತಡ. ಧರ್ಮಸ್ಥಳಕ್ಕೆ ಹೋಗಿ ಆಣೆ ಮಾಡು ನೋಡೋಣ ಅಂದ ತಕ್ಷಣ ಅರ್ಧ ವ್ಯಾಜ್ಯ ಅಲ್ಲೇ ಮುಗಿಯುವುದನ್ನು ಕಂಡ ನಮಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಸಾಲ ತೆಗೆದುಕೊಂಡಿದ್ದು ಹೌದೋ ಅಲ್ಲವೋ, ಗಡಿಕಲ್ಲು ಕಿತ್ತಿದ್ದು ಯಾರು, ಇವು ಗೊತ್ತಿರುವ ದೇವರು ನಮಗೆ ಬೇಕು. ತುಳುನಾಡಿನ ಕೋಲದಲ್ಲಿ ದೈವ ನುಡಿ ಕೊಡುವಾಗ ಅಲ್ಲಿ ಬರುವುದೂ ಬಹುಪಾಲು ಜಾಗದ ತಕರಾರು, ಅಣ್ಣತಮ್ಮಂದಿರ ಜಗಳ, ಮರೆತ ಹರಕೆ. ಊರಿನ ವ್ಯವಹಾರ ತಿಳಿದವನೇ ದೇವರು.

ಇನ್ನೊಂದು ಪ್ರಯೋಗ ಹೇಳಲೇಬೇಕು. ಜಸ್ಟಿನ್ ಬ್ಯಾರೆಟ್ ಮತ್ತು ಫ್ರಾಂಕ್ ಕೀಲ್ ಎಂಬ ಮನೋವಿಜ್ಞಾನಿಗಳು 1996ರಲ್ಲಿ ಮಾಡಿದ್ದು. ದೇವರು ಎಲ್ಲ ಕಡೆ ಇದ್ದಾನಾ, ಒಟ್ಟಿಗೇ ಎಷ್ಟು ಕೆಲಸ ಬೇಕಾದರೂ ಮಾಡಬಲ್ಲನಾ ಎಂದು ಕೇಳಿದಾಗ ಜನ ಹೌದು ಎಂದರು. ಆಮೇಲೆ ಅವರಿಗೆ ಒಂದು ಕಥೆ. ಈಜುವಾಗ ಹುಡುಗನ ಕಾಲು ಬಂಡೆಗಳ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ, ದೇವರನ್ನು ಬೇಡಿಕೊಳ್ಳುತ್ತಾನೆ. ಆಗ ದೇವರು ಪ್ರಪಂಚದ ಇನ್ನೊಂದು ಕಡೆ ಇನ್ನೊಬ್ಬರ ಪ್ರಾರ್ಥನೆಗೆ ಓಗೊಡುತ್ತಿರುತ್ತಾನೆ. ಸ್ವಲ್ಪ ಹೊತ್ತಿಗೆ ಬಂಡೆ ಸರಿದು ಹುಡುಗ ಪಾರಾಗುತ್ತಾನೆ. ಕಥೆ ನೆನಪು ಮಾಡಿಕೊಳ್ಳಿ ಎಂದಾಗ ಬಹಳ ಜನ, ದೇವರು ಅಲ್ಲಿನ ಕೆಲಸ ಮುಗಿಸಿ ಇಲ್ಲಿಗೆ ಬಂದ ಅಂತ ನೆನಪಿಸಿಕೊಂಡರು. ಕಥೆಯಲ್ಲಿ ಹಾಗೆ ಇರಲೇ ಇಲ್ಲ. ಸ್ವಲ್ಪ ಮುಂಚೆ ಸರ್ವವ್ಯಾಪಿ ಅಂದವರೇ ಇವರು.

ಇದು ಕ್ರೈಸ್ತರ ಕಥೆ, ನಮ್ಮಲ್ಲಿ ಹೀಗಿಲ್ಲ ಅಂತೀರಾ? ಬ್ಯಾರೆಟ್ ಇದನ್ನೇ ಉತ್ತರ ಭಾರತದಲ್ಲಿ ಶಿವ, ಕೃಷ್ಣ, ವಿಷ್ಣು ಮುಂತಾದ ದೇವರ ಹೆಸರಿಟ್ಟು ಮಾಡಿ ನೋಡಿದರು. 1998ರಲ್ಲಿ ಪ್ರಕಟಿಸಿದರು. ಇಲ್ಲೂ ಹಾಗೇ ಆಯಿತು. ಕೇಳಿದಾಗ ಹೇಳುವ ದೇವರು ಒಬ್ಬ, ಕಥೆ ಓಡುವಾಗ ತಲೆಯಲ್ಲಿ ಬರುವ ದೇವರು ಇನ್ನೊಬ್ಬ. ನಮ್ಮ ವಿಚಾರವಾದಿಗಳು ವಾದ ಮಾಡುವುದು ಮೊದಲನೆಯವನ ಜೊತೆ, ಮಠದ ಪ್ರವಚನವೂ ಮೊದಲನೆಯವನ ಬಗ್ಗೆಯೇ. ಜನ ಕಾಯಿ ಒಡೆಯುವುದು ಎರಡನೆಯವನಿಗೆ.

ಇದೆಲ್ಲ ಓದು ಬರಹ ಇಲ್ಲದವರ ಕಥೆ ಅಂದುಕೊಳ್ಳುವವರಿಗೆ ಇನ್ನೊಂದು ಮಾತು. ಮಕ್ಕಳು ಪ್ರತಿಯೊಂದರಲ್ಲೂ ಒಂದು ಉದ್ದೇಶ ಹುಡುಕುತ್ತಾರೆ ಎಂದು ಮನೋವಿಜ್ಞಾನಿ ಡೆಬೊರಾ ಕೆಲಮನ್ ಅಮೆರಿಕದಲ್ಲಿ ತೋರಿಸಿದ್ದರು. ಬಂಡೆ ಯಾಕೆ ಚೂಪು? ಪ್ರಾಣಿಗಳು ಮೇಲೆ ಕೂರದಿರಲಿ ಅಂತ! ದೊಡ್ಡವರಾದ ಮೇಲೆ ಹೋಗುತ್ತದೆ ಅನ್ನೋಣ. ಆದರೆ 2013ರಲ್ಲಿ ಅವರೂ ಜೊತೆಗಾರರೂ ಅಮೆರಿಕದ ಹೆಸರಾಂತ ವಿಶ್ವವಿದ್ಯಾಲಯಗಳ ವಿಜ್ಞಾನಿಗಳನ್ನೇ ಕೂರಿಸಿ, ವಾಕ್ಯಗಳನ್ನು ತೋರಿಸಿ ಸರಿಯೋ ತಪ್ಪೋ ಬೇಗ ಹೇಳಿ ಅಂದರು. ಯೋಚಿಸಲು ಸಮಯ ಕೊಡದಿದ್ದಾಗ ಅವರೂ ಪ್ರಕೃತಿಗೆ ಉದ್ದೇಶ ಹಚ್ಚುವ ವಾಕ್ಯಗಳನ್ನು ಜಾಸ್ತಿ ಒಪ್ಪಿದರು. ಬೇರೆ ಜನಕ್ಕಿಂತ ಕಡಿಮೆ, ಆದರೆ ಸಮಯ ಕೊಟ್ಟಾಗಿನದಕ್ಕಿಂತ ಜಾಸ್ತಿ. ನಮ್ಮ ಶಾಲೆಗಳಲ್ಲಂತೂ ‘ಮರಗಳು ನಾವು ಉಸಿರಾಡಲೆಂದು ಆಮ್ಲಜನಕ ಬಿಡುತ್ತವೆ’ ಅಂತ ಬರೆದರೆ ಪೂರ್ತಿ ಅಂಕ. ನಾನೇ ಕೊಟ್ಟಿದ್ದೇನೆ. ಮರಕ್ಕೆ ನಮ್ಮ ಚಿಂತೆ ಯಾಕಿರಬೇಕು?

ಹಳೆಯದೊಂದು ಉದಾಹರಣೆ ಇಲ್ಲದೆ ಈ ಮಾತು ಪೂರ್ತಿಯಾಗುವುದಿಲ್ಲ. ಬ್ರಿಟಿಷ್ ಮಾನವಶಾಸ್ತ್ರಜ್ಞ ಇವಾನ್ಸ್-ಪ್ರಿಚರ್ಡ್ 1937ರಲ್ಲಿ ಆಗಿನ ಸುಡಾನಿನ ಜಾಂಡೆ ಜನರ ಬಗ್ಗೆ ಬರೆದದ್ದು. ಕಣಜದ ನೆರಳಿನಲ್ಲಿ ಜನ ಕೂತಿರುತ್ತಾರೆ. ಕಣಜ ಕುಸಿಯುತ್ತದೆ. ಗೆದ್ದಲು ತಿಂದು ಕಂಬ ಟೊಳ್ಳಾಗಿತ್ತು ಅಂತ ಜಾಂಡೆ ಜನರಿಗೆ ಚೆನ್ನಾಗಿ ಗೊತ್ತು. ಬಿಸಿಲಿಗೆ ಜನ ನೆರಳಿಗೆ ಬಂದರು ಅನ್ನುವುದೂ ಗೊತ್ತು. ಅವರ ಪ್ರಶ್ನೆ ಬೇರೆ: ಇವರೇ ಕೂತಿದ್ದಾಗ, ಅದೇ ಹೊತ್ತಿಗೆ ಯಾಕೆ ಬಿತ್ತು? ಅದಕ್ಕೆ ಗೆದ್ದಲು ಉತ್ತರವಲ್ಲ, ಮಾಟ ಉತ್ತರ. ಆಸ್ಪತ್ರೆಯಲ್ಲಿ ಡಾಕ್ಟರು ಸ್ಕ್ಯಾನ್ ತೋರಿಸಿ ಕಾರಣ ಹೇಳಿದ ಮೇಲೂ ‘ಎಲ್ಲಾ ಬಿಟ್ಟು ನಮ್ಮನೆಗೇ ಯಾಕೆ ಬಂತು’ ಅಂತ ಕೇಳದ ಮನೆ ಯಾವುದಿದೆ ಹೇಳಿ. ಗ್ರಹಚಾರ, ದೃಷ್ಟಿ, ಪಿತೃದೋಷ, ಯಾರದೋ ಶಾಪ, ಇವೆಲ್ಲ ಇರುವುದು ಆ ಎರಡನೇ ಪ್ರಶ್ನೆಗೆ. ಡಾಕ್ಟರನ್ನು ನಂಬಿಲ್ಲ ಅಂತಲ್ಲ. ಔಷಧಿಯನ್ನೂ ಸರಿಯಾಗಿ ತಗೋತಾರೆ.

ರೀಟಾ ಅಸ್ತೂತಿ ಲಂಡನ್ನಿನ ಮಾನವಶಾಸ್ತ್ರಜ್ಞೆ. ಮಡಗಾಸ್ಕರಿನ ವೆಜೊ ಎಂಬ ಮೀನುಗಾರರ ಜೊತೆ ಬಹಳ ಕಾಲ ಕೆಲಸ ಮಾಡಿದವರು. ಮನೋವಿಜ್ಞಾನಿ ಪಾಲ್ ಹ್ಯಾರಿಸ್ ಜೊತೆ 2008ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಅವರು ಜನರಿಗೆ ಸಾವಿನ ಎರಡು ಕಥೆ ಹೇಳುತ್ತಾರೆ. ಒಂದರಲ್ಲಿ ಕಾಯಿಲೆ, ಆಸ್ಪತ್ರೆ, ಹೆಣ. ಇನ್ನೊಂದರಲ್ಲಿ ಸತ್ತವನ ಗೋರಿಗೆ ಮಕ್ಕಳು ಮಾಡುವ ಕಾರ್ಯ. ಸತ್ತವನ ಕಣ್ಣು ಕಾಣುತ್ತದಾ, ಹೆಂಡತಿಯ ನೆನಪಿದೆಯಾ, ಕಿವಿ ಕೇಳುತ್ತದಾ ಎಂಬಂಥ ಪ್ರಶ್ನೆಗಳು. ಮೊದಲ ಕಥೆ ಕೇಳಿದಾಗ ಬಹುಪಾಲಿಗೆ ಇಲ್ಲ, ಎಲ್ಲ ಮುಗಿಯಿತು ಅನ್ನುತ್ತಾರೆ. ಎರಡನೆಯದನ್ನು ಕೇಳಿದಾಗ ನೆನಪಿದೆ, ಗೊತ್ತಾಗುತ್ತದೆ ಅನ್ನುವ ಉತ್ತರ ಜಾಸ್ತಿಯಾಗುತ್ತದೆ. ಅದೇ ಊರು, ಅದೇ ಸಮುದಾಯ. ಸಂದರ್ಭ ಬದಲಾದರೆ ತಲೆಯ ಬೇರೆ ಬಾಗಿಲು ತೆರೆಯುತ್ತದೆ.

ಮಹಾಲಯ ಅಮಾವಾಸ್ಯೆಗೆ ಎಡೆ ಇಡುವಾಗ ತಾತನಿಗೆ ಇಷ್ಟ ಅಂತ ಚಕ್ಕುಲಿ, ಬೀಡಿ, ಕೆಲವು ಮನೆಗಳಲ್ಲಿ ಇನ್ನೂ ಏನೇನೋ ಇಡುತ್ತಾರಲ್ಲ. ಬಾಗಿಲು ಹಾಕಿಕೊಂಡು ಆಚೆ ಬಂದು ಸ್ವಲ್ಪ ಹೊತ್ತು ಕಾಯುತ್ತಾರೆ, ಅವರು ಬಂದು ತಿನ್ನಲಿ ಅಂತ. ತಾತನ ಪಹಣಿ ಮಗನ ಹೆಸರಿಗೆ ಆಗಬೇಕಾದಾಗ ಅದೇ ಜನ ಮರಣ ಪ್ರಮಾಣಪತ್ರ ಹಿಡಿದು ನಾಡಕಚೇರಿಗೆ ಅಲೆಯುತ್ತಾರೆ. ಇದರಲ್ಲಿ ಅವರಿಗೆ ವಿರೋಧವೇ ಕಾಣುವುದಿಲ್ಲ. ಇವರನ್ನು ಮೂಢರು ಅಂದರೆ ಏನನ್ನೂ ವಿವರಿಸಿದ ಹಾಗಾಗಲಿಲ್ಲ. ಅಸ್ತೂತಿಯವರ ಕೆಲಸ ಓದಿದರೆ ಸ್ವಲ್ಪ ಅರ್ಥವಾಗುತ್ತದೆ.

ಈಗ ಈ ಮಾನವಶಾಸ್ತ್ರಜ್ಞರನ್ನೂ ಸುಮ್ಮನೆ ಬಿಡಬಾರದು. ಮನಸ್ಸಿಗೆ ಹತ್ತುವ ಕಲ್ಪನೆಯೇ ದೇವರಾಗುತ್ತದೆ ಎಂದಾದರೆ ಮಿಕ್ಕಿ ಮೌಸ್ ಯಾಕೆ ದೇವರಲ್ಲ? ಮಾತಾಡುವ ಇಲಿ, ಎಲ್ಲ ಮಕ್ಕಳಿಗೂ ನೆನಪಿದೆ. ಗ್ರೀಕರ ಜ್ಯೂಸ್ ದೇವರಲ್ಲಿ ಬೇಕಾದ ಗುಣವೆಲ್ಲ ಇದೆ. ಇವತ್ತು ಅವನ ಕಥೆಯನ್ನು ಎಷ್ಟೊಂದು ಜನ ಓದುತ್ತಾರೆ, ಹರಕೆ ಹೊರುವವರು ಮಾತ್ರ ಕಾಣುವುದಿಲ್ಲ. ವಿಲ್ ಜರ್ವೈಸ್ ಮತ್ತು ಜೋಸೆಫ್ ಹೆನ್ರಿಕ್ 2010ರಲ್ಲಿ ಈ ಪ್ರಶ್ನೆಯನ್ನು ನೇರವಾಗಿಯೇ ಎತ್ತಿದರು. ಹೆನ್ರಿಕ್ ಮಾನವಶಾಸ್ತ್ರದಿಂದಲೇ ಬಂದವರು. ಅವರ ಉತ್ತರ: ನೆನಪಿರುವುದು ಬೇರೆ, ನಂಬುವುದು ಬೇರೆ. ನಂಬಲು ನಮ್ಮ ಸುತ್ತಲಿನವರು ನಂಬಿರುವುದು ಕಾಣಬೇಕು. ಬರೀ ಬಾಯಲ್ಲಿ ಹೇಳಿದರೆ ಸಾಲದು, ಕೈಯಿಂದ ಏನಾದರೂ ಕಳಚಬೇಕು: ಹೊಟ್ಟೆಗೆ ಉಪವಾಸ, ಜೇಬಿಗೆ ಕತ್ತರಿ, ಮೈಗೆ ನೋವು. ಸುಳ್ಳು ಅಂತ ಅನ್ನಿಸಿದ್ದಕ್ಕೆ ಯಾರೂ ಅಷ್ಟು ತೆರುವುದಿಲ್ಲ ಅಂತ ನೋಡುವವರ ಲೆಕ್ಕ, ಮುಖ್ಯವಾಗಿ ಮಕ್ಕಳ ಲೆಕ್ಕ.

ನಿಮ್ಮ ಬರಹದಲ್ಲಿ ಈ ಅರ್ಧ ಭಾಗ ಇರಲೇ ಇಲ್ಲ. ನಮ್ಮ ಓದುಗರಿಗೆ ಹತ್ತಿರವಾದದ್ದು ಇದೇ.

ಮಾರಿಷಸ್ಸಿನಲ್ಲಿ ತಮಿಳು ಮೂಲದವರು ತೈಪೂಸಂ ಹಬ್ಬದಲ್ಲಿ ಕಾವಡಿ ಹೊರುತ್ತಾರೆ. ನಾಲಿಗೆಗೆ, ಕೆನ್ನೆಗೆ, ಮೈಗೆ ಸೂಜಿ ಚುಚ್ಚಿಸಿಕೊಂಡು, ಕೆಲವರು ಬೆನ್ನಿನ ಚರ್ಮಕ್ಕೆ ಕೊಕ್ಕೆ ಹಾಕಿಸಿಕೊಂಡು ಬಂಡಿ ಎಳೆಯುತ್ತಾ, ಬಿಸಿಲಲ್ಲಿ ಬರಿಗಾಲಲ್ಲಿ ಬೆಟ್ಟದ ಗುಡಿಗೆ ಹೋಗುತ್ತಾರೆ. ಗ್ರೀಸಿನ ಮಾನವಶಾಸ್ತ್ರಜ್ಞ ದಿಮಿತ್ರಿಸ್ ಕ್ಸಿಗಲಟಾಸ್ ಅಲ್ಲಿ ಹೋಗಿ ಕೂತರು. ಗುಡಿಯಿಂದ ಹೊರಬಂದವರಿಗೆ ಒಂದು ಪ್ರಶ್ನಾವಳಿ ತುಂಬಿಸಿ 200 ರೂಪಾಯಿ ಕೊಟ್ಟರು, ಅಲ್ಲಿನ ರೂಪಾಯಿ. ಆಮೇಲೆ ಒಬ್ಬೊಬ್ಬರೇ ಇರುವಾಗ, ಗುಡಿಗೆ ಏನಾದರೂ ಕೊಡುವುದಿದ್ದರೆ ಪೆಟ್ಟಿಗೆಗೆ ಹಾಕಿ ಅಂದರು. ಎಷ್ಟು ಹಾಕಿದರು ಅಂತ ಯಾರೂ ನೋಡುವುದಿಲ್ಲ. ಕೂತು ಪ್ರಾರ್ಥನೆ ಮಾಡಿ ಬಂದವರು ಸರಾಸರಿ 80ರ ಆಸುಪಾಸು ಹಾಕಿದರು. ಕಾವಡಿ ಹೊತ್ತವರು 130ರ ಮೇಲೆ. ಕಾವಡಿಯವರ ಜೊತೆ ಬರೀ ನಡೆದು ಬಂದವರು ಇನ್ನೂ ಜಾಸ್ತಿ, 160ರ ಹತ್ತಿರ. ಮೈಗೆ ಚುಚ್ಚಿಕೊಂಡವರಿಗಿಂತ ನೋಡಿದವರೇ ಜಾಸ್ತಿ ಕೊಟ್ಟರು. 2013ರಲ್ಲಿ ಇದು ಬಂತು. ಅದು ಲ್ಯಾಬಲ್ಲ, ಜಾತ್ರೆ, ಹಾಗಾಗಿ ಇದೊಂದರಿಂದಲೇ ಎಲ್ಲ ಸಾಬೀತಾಯಿತು ಅಂತ ನಾನು ಹೇಳುವುದಿಲ್ಲ. ಆದರೂ ಆ ಕೊನೆಯ ಅಂಕಿ ನೋಡಿ ನಾನು ಓದುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಯೋಚಿಸಿದೆ.

ಇನ್ನೂ ಹತ್ತಿರ ಬೇಕೆಂದರೆ ತಮಿಳುನಾಡು. ಎಲೀನರ್ ಪವರ್ ಎಂಬ ಮಾನವಶಾಸ್ತ್ರಜ್ಞೆ ಅಲ್ಲಿನ ಎರಡು ಹಳ್ಳಿಗಳಲ್ಲಿದ್ದು, ಕಷ್ಟ ಬಂದರೆ ಯಾರ ಹತ್ತಿರ ಹೋಗುತ್ತೀರಿ, ಸಾಲ ಯಾರು ಕೊಡುತ್ತಾರೆ, ಸಲಹೆ ಯಾರನ್ನು ಕೇಳುತ್ತೀರಿ ಎಂಬಂಥ ಪ್ರಶ್ನೆಗಳನ್ನು ಮನೆಮನೆಗೆ ಹೋಗಿ ಕೇಳಿದರು. ಗುಡಿಗೆ ತಪ್ಪದೆ ಹೋಗುವವರ ಹತ್ತಿರ, ಕೆಂಡ ಹಾಯುವಂಥ ದೊಡ್ಡ ಹರಕೆ ಎಲ್ಲರೆದುರು ತೀರಿಸುವವರ ಹತ್ತಿರ ಜನ ಸಹಾಯಕ್ಕೆ ಹೋಗುವುದು ಜಾಸ್ತಿ ಎಂದು 2017ರಲ್ಲಿ ಬರೆದರು. ಭಕ್ತಿ ಅಲ್ಲಿ ಒಳಗಿನ ವಿಷಯ ಮಾತ್ರವಲ್ಲ, ಊರಿನಲ್ಲಿ ಒಂದು ಥರದ ಜಾಮೀನೂ ಹೌದು.

ಮಂಡ್ಯ, ಮೈಸೂರು, ಚಾಮರಾಜನಗರದ ಕಡೆ ಕೊಂಡ ಹಾಯುವುದನ್ನು, ಬಾಯಿಬೀಗ ಚುಚ್ಚಿಸಿಕೊಳ್ಳುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮೊಹರಂ ದಿನ ಹಿಂದೂಗಳೂ ಮುಸ್ಲಿಮರೂ ಸೇರಿ ಕೆಂಡ ಹಾಯುತ್ತಾರೆ. ಮುಸ್ಲಿಂ ಮನೆಯೇ ಇಲ್ಲದ ಊರುಗಳಲ್ಲೂ ಅಲಾಯಿ ದೇವರು ಕೂರುವುದುಂಟು. ಯಾವ ಸಿದ್ಧಾಂತಕ್ಕೆ ಇದು ಸೇರುತ್ತದೆ? ಪಾಠದಲ್ಲಿರುವ ಧರ್ಮಗಳ ಪಟ್ಟಿಗೆ ಇದು ಹೊಂದುವುದಿಲ್ಲ. ಆದರೆ ಅಪ್ಪ ಹಾಯ್ದ, ಮಾವ ಹಾಯ್ದ, ಊರೆಲ್ಲ ನೋಡಿತು, ಮಗನೂ ಹಾಯುತ್ತಾನೆ ಅನ್ನುವ ಹೆನ್ರಿಕ್ ಲೆಕ್ಕಕ್ಕೆ ಸಲೀಸಾಗಿ ಹೊಂದುತ್ತದೆ.

ಈ ಕ್ಷೇತ್ರದಲ್ಲೇ ಎಲ್ಲರೂ ಒಂದೇ ಮಾತು ಹೇಳುತ್ತಾರೆ ಅಂದುಕೊಳ್ಳಬೇಡಿ. ತಪ್ಪು ಮಾಡಿದವರನ್ನು ಶಿಕ್ಷಿಸುವ ದೊಡ್ಡ ದೇವರು ಬಂದ ಮೇಲೆ ದೊಡ್ಡ ರಾಜ್ಯಗಳಾದವೋ, ರಾಜ್ಯಗಳಾದ ಮೇಲೆ ಅಂಥ ದೇವರು ಬಂದನೋ ಅಂತ ಜೋರು ಜಗಳವಿದೆ. ರಾಜ್ಯ ಮೊದಲು, ದೇವರು ಆಮೇಲೆ ಅಂತ 2019ರಲ್ಲಿ ಒಂದು ದೊಡ್ಡ ಪ್ರಬಂಧ ‘ನೇಚರ್’ ಪತ್ರಿಕೆಯಲ್ಲಿ ಬಂತು. ಮಾನವಶಾಸ್ತ್ರಜ್ಞ ಹಾರ್ವೆ ವೈಟ್‌ಹೌಸ್ ಮತ್ತು ಹಲವರು ಸೇರಿ ಬರೆದದ್ದು. ಮಾಹಿತಿಯೇ ಸಿಗದ ಕಾಲವನ್ನು ‘ಅಂಥ ದೇವರು ಇರಲಿಲ್ಲ’ ಅಂತ ಲೆಕ್ಕ ಹಾಕಿದ್ದೀರಿ ಅಂತ ಬೇರೆಯವರು ಹಿಡಿದರು. 2021ರಲ್ಲಿ ಬರೆದವರೇ ಅದನ್ನು ವಾಪಸ್ ತೆಗೆದುಕೊಂಡರು. ಬಂದಾಗ ದೊಡ್ಡ ಸುದ್ದಿ, ವಾಪಸ್ ಹೋದಾಗ ಸದ್ದಿಲ್ಲ. ಒಂದು ಪ್ರಬಂಧ ಬಂದ ಕೂಡಲೇ ‘ವಿಜ್ಞಾನಿಗಳು ಕಂಡುಹಿಡಿದಿದ್ದಾರೆ’ ಅಂತ ಬರೆಯುವ ಪತ್ರಿಕೆಗಳಿಗೆ ನಾನು ಹೇಳುವುದು ಇಷ್ಟೇ, ಸ್ವಲ್ಪ ತಡೆಯಿರಿ.

ಇದನ್ನೆಲ್ಲ ಹೇಳಿದ್ದಕ್ಕೆ ನನ್ನನ್ನು ಮೂಢನಂಬಿಕೆಯ ಪರ ಅಂತ ಯಾರೋ ಬರೆಯುತ್ತಾರೆ, ಗೊತ್ತು. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ಮಾಡಿದರು. ಪವಾಡ ಮಾಡುವವರು ನಮ್ಮೆದುರು ಮಾಡಿ ತೋರಿಸಲಿ ಅಂದರು. ಆ ಎದೆಗಾರಿಕೆ ಬಗ್ಗೆ ನನಗೆ ಇವತ್ತಿಗೂ ಗೌರವ ಇದೆ. ಅಮಾನವೀಯ ಪದ್ಧತಿ ಮತ್ತು ಮಾಟಮಂತ್ರದ ವಿರುದ್ಧ ನಮ್ಮ ರಾಜ್ಯದ ಕಾಯ್ದೆ 2020ರಲ್ಲಿ ಜಾರಿಗೆ ಬಂದದ್ದೂ ಒಳ್ಳೆಯದೇ ಆಯಿತು. ಮಾಟ ಮಾಡಿದಳು ಅಂತ ಹೆಂಗಸೊಬ್ಬಳನ್ನು ಊರಾಚೆ ಅಟ್ಟುವವರನ್ನು ಜೈಲಿಗೆ ಹಾಕಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ‘ನಮ್ಮನೆಗೇ ಯಾಕೆ’ ಅನ್ನುವ ಪ್ರಶ್ನೆಗೆ ಕಾಯ್ದೆಯಲ್ಲಿ ಉತ್ತರ ಇಲ್ಲ. ಆ ಪ್ರಶ್ನೆ ಕೇಳುವವರಿಗೆ ನಿಮ್ಮ ತಲೆ ಕೆಟ್ಟಿದೆ ಅಂದರೆ, ಅವರು ಉತ್ತರ ಕೊಡುತ್ತೇನೆ ಅನ್ನುವ ಟಿವಿ ಜ್ಯೋತಿಷಿಯ ಹತ್ತಿರ ಹೋಗುತ್ತಾರೆ. ಅವನು ಬೆಳಿಗ್ಗೆಯೇ ಮೇಕಪ್ ಮಾಡಿಕೊಂಡು ಕಾಯುತ್ತಿದ್ದಾನೆ.

ದೇವರಿದ್ದಾನೋ ಇಲ್ಲವೋ ಅನ್ನುವುದಕ್ಕೆ ಈ ಕೆಲಸದಲ್ಲಿ ಉತ್ತರ ಹುಡುಕಬೇಡಿ ಅಂತಲೂ ಎರಡೂ ಕಡೆಯವರಿಗೆ ಹೇಳಬೇಕು. ಬ್ಯಾರೆಟ್ ಸ್ವತಃ ಶ್ರದ್ಧೆಯುಳ್ಳ ಕ್ರೈಸ್ತರು, ಬೊಯೇಗೆ ಅಂಥ ಶ್ರದ್ಧೆಯೇನಿಲ್ಲ. ಇಬ್ಬರೂ ಒಂದೇ ಕ್ಷೇತ್ರದಲ್ಲಿ ಕೆಲಸ ಮಾಡುತ್ತಾರೆ.

ಕೊನೆಗೆ ಒಂದು ಕೋರಿಕೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಶಿಗ್ಗಾವಿಯ ಹತ್ತಿರದ ಜಾನಪದ ವಿಶ್ವವಿದ್ಯಾಲಯ, ಮೈಸೂರಿನ ಜಾನಪದ ವಿಭಾಗ, ಇಂಥ ಕಡೆಯವರು ಬಹಳ ವರ್ಷಗಳಿಂದ ದೈವಗಳ ಕಥೆ, ಹಾಡು, ಆಚರಣೆ ಕೂಡಿಹಾಕಿದ್ದಾರೆ. ಅವರಲ್ಲಿ ಯಾರಾದರೊಬ್ಬರಿಂದ ನಿಮ್ಮ ಪುಟಕ್ಕೆ ಬರೆಸಿ. ಮಾದಪ್ಪನ ಕಥೆಯನ್ನು ಹತ್ತು ಜನ ಕಲಾವಿದರು ಹತ್ತು ಥರ ಹಾಡುತ್ತಾರಲ್ಲ, ಎಲ್ಲರಲ್ಲೂ ಉಳಿಯುವುದು ಯಾವ ಭಾಗ, ಬದಲಾಗುವುದು ಯಾವುದು, ಕೇಳಿದವರಿಗೆ ಒಂದು ವಾರದ ಮೇಲೆ ಏನು ನೆನಪಿರುತ್ತದೆ? ನೇಪಾಳದ ಭಿಕ್ಷುಗಳ ಜೊತೆ ಮಾಡಿದ ಪ್ರಯೋಗವನ್ನು ಕೊಳ್ಳೇಗಾಲದಲ್ಲಿ ಯಾಕೆ ಮಾಡಬಾರದು? ದುಡ್ಡು ಜಾಸ್ತಿ ಬೇಕಿಲ್ಲ. ಕಥೆಗಳು ಇದ್ದೇ ಇವೆ, ಕೇಳುವ ಜನರೂ ಇದ್ದಾರೆ. ಬರೆದುಕೊಳ್ಳಲು ಪುರುಸೊತ್ತಿರುವ ವಿದ್ಯಾರ್ಥಿಗಳು ಬೇಕು, ನಿವೃತ್ತ ಮೇಷ್ಟ್ರುಗಳೂ ಆದೀತು.

ಇಂತಿ ನಿಮ್ಮ ಓದುಗ,
ನಿವೃತ್ತ ವಿಜ್ಞಾನ ಶಿಕ್ಷಕ, ಮಂಡ್ಯ ಜಿಲ್ಲೆ